ಹಿನ್ನಡೆ

"ನಿಮ್ಮಲ್ಲಿ ಕೆಲಸ ಮಾಡೋರು ಎಷ್ಟು ಜನ?"

ಯೋಜನೆಯ ಹುಡುಗಿ ಹೀಗೆ ಕೇಳಿದಾಗ ಹಗ್ಗದವನು ಅಂಗೈಯಲ್ಲಿ ದಾರ ಹೊಸೆಯಲೆಂದು ಸೊಂಟಕ್ಕೆ ಸುತ್ತಿಕೊಂಡಿದ್ದ ನಾರಿನ ಕಟ್ಟನ್ನು ಬಿಚ್ಚಿ ಪಕ್ಕಕ್ಕಿಡುತ್ತಿದ್ದ. "ನಾವು..." ಎಂದು ಬಾಯಿ ತೆರೆದವನು ಅಲ್ಲಿಗೇ ನಿಂತ. ಕಸುಬಿನ ಮಾತು ಬಂದರೆ ಅವನ ಬಾಯಿಂದ ಮೊದಲು ಹೊರಡುವುದು ಆ ಪದವೇ. ನಾವು ತೇವದ ನಾರು ಮುಟ್ಟೋದಿಲ್ಲ. ನಾವು ಸಡಿಲ ಹುರಿ ಕೊಡೋದಿಲ್ಲ. ನಾವು ಒಂದು ಸಲ ಹೊಸೆದದ್ದನ್ನ ಬಿಚ್ಚೋದಿಲ್ಲ. ಮೂವತ್ತು ವರ್ಷದ ಅಭ್ಯಾಸ. ಮನೆಯಲ್ಲಿ ಎಷ್ಟು ಜನ ಉಳಿದಿದ್ದಾರೆಂದು ನಾಲಿಗೆಗೆ ಏನು ಗೊತ್ತು?

ಹುಡುಗಿ ಉತ್ತರಕ್ಕೆ ಕಾಯಲಿಲ್ಲ. ಕೆಲಸದ ಕೊಟ್ಟಿಗೆಯೊಳಗೆ ಒಮ್ಮೆ ಕಣ್ಣಾಡಿಸಿದಳು. ಗೋಡೆಯ ಎರಡು ಮೊಳೆಗಳಲ್ಲಿ ಎರಡು ಕೆಲಸದ ಅಂಗಿ, ನೀರಿನ ಹೂಜಿಯ ಪಕ್ಕ ಬೋರಲು ಹಾಕಿದ ಎರಡು ಲೋಟ, ಎರಡು ಮೋಟು ಸ್ಟೂಲು. "ಇಬ್ಬರು, ಅಲ್ವಾ?" ಎಂದಳು. ಅವನು ಹೂಂ ಎಂದನೋ, ಗಂಟಲಿಗೆ ಸಿಕ್ಕಿದ ನಾರಿನ ಧೂಳಿಗೆ ಕೆಮ್ಮಿದನೋ, ಅವನಿಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವಳ ಬೆರಳು ಕೈಯಲ್ಲಿದ್ದ ಟ್ಯಾಬಿನ ಮೇಲೆ 'ಎರಡು' ಒತ್ತಿಯಾಗಿತ್ತು.

"ಒಳ್ಳೇದಾಯ್ತು. ಇಬ್ಬರಿದ್ರೆ ಅದು ಘಟಕ. ಒಬ್ಬರೇ ಆಗಿದ್ರೆ ನಮ್ಮ ಯೋಜನೆಗೆ ಬರ್ತಿರಲಿಲ್ಲ."

"ಒಬ್ಬರೇ ಆದ್ರೆ ಏನು ಮೇಡಂ?"

"ಒಬ್ಬರೇ ಆದ್ರೆ ವ್ಯಕ್ತಿ."

"ವ್ಯಕ್ತಿಗೆ ಏನೂ ಇಲ್ವಾ?"

"ವ್ಯಕ್ತಿಗೆ ಬೇರೆ ಇಲಾಖೆ ಇದೆ ಯಜಮಾನ್ರೆ," ಎಂದು ಹುಡುಗಿ ನಕ್ಕಳು. ಕೆಟ್ಟ ನಗೆಯಲ್ಲ. ಬೆಳಗ್ಗೆಯಿಂದ ಊರಿನ ಅಂಗಡಿ ಅಂಗಡಿ ಹತ್ತಿಳಿದು ಚಪ್ಪಲಿಯ ತುಂಬ ಧೂಳು ಮಾಡಿಕೊಂಡಿದ್ದಳು. ಹೆಗಲಿಗೆ ಹಾಕಿದ್ದ ಬಟ್ಟೆಯ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ 'ಮುನ್ನಡೆ' ಎಂದು ಅಚ್ಚಾಗಿತ್ತು. ಸಣ್ಣ ಊರುಗಳ ಕಸುಬುಗಳನ್ನು ಎತ್ತಿ ನಿಲ್ಲಿಸುವ ಯೋಜನೆಗೆ ಯಾರೋ ಯೋಚಿಸಿ ಇಟ್ಟ ಹೆಸರು.

ಅವಳು ಒಂದೊಂದಾಗಿ ವಿವರಿಸಿದಳು. ಕೈರಾಟೆಯ ಜಾಗಕ್ಕೆ ಮೋಟಾರಿನ ರಾಟೆ ಬರುತ್ತದೆ. ಹಗ್ಗ ಹೊಸೆಯುವ ಗಲ್ಲಿಗೆ ಆ ತುದಿಯಿಂದ ಈ ತುದಿಯವರೆಗೆ ತಗಡಿನ ಮಾಡು ಬರುತ್ತದೆ. ಬಂದರಿನ ಕಡೆಯ ಒಂದು ಕಂಪನಿ ನಾರಿನ ಹಗ್ಗಕ್ಕೆ ವರ್ಷವಿಡೀ ಬೇಡಿಕೆ ಕೊಡಲು ಒಪ್ಪಿದೆ. ಬರುವ ಗುರುವಾರ ಪರಿಶೀಲನೆ. ಇಬ್ಬರೂ ಇದ್ದು ಕೆಲಸ ಮಾಡಿ ತೋರಿಸಬೇಕು, ಇಬ್ಬರೂ ಸಹಿ ಹಾಕಬೇಕು. ಆಮೇಲೆ ಮೂರು ವರ್ಷ, ವಾರಕ್ಕೆ ನಾಲ್ಕು ದಿನ, ಇಬ್ಬರೂ ಇಲ್ಲೇ ಕೆಲಸ ಮಾಡುತ್ತಿರಬೇಕು. ಮೇಲಿನವರು ಯಾವಾಗ ಬೇಕಾದರೂ ಬಂದು ನೋಡಬಹುದು.

"ಇನ್ನೊಬ್ಬರು ಎಲ್ಲಿ?" ಎಂದು ಹೊರಡುವಾಗ ಕೇಳಿದಳು.

"ತಂಗಿ," ಎಂದ ಅವನು. "ಊರಿಗೆ ಹೋಗಿದ್ದಾಳೆ."

ಅದೇನು ಪೂರ್ತಿ ಸುಳ್ಳಲ್ಲ. ತಂಗಿ ಊರಿಗೆ ಹೋಗಿ ಎಂಟು ತಿಂಗಳಾಗಿತ್ತು. ಈಗ ಅದೇ ಅವಳ ಊರು, ಅಷ್ಟೆ.

ಹಗ್ಗದ ಕಸುಬೆಂದರೆ ಹಿಂದಕ್ಕೆ ನಡೆಯುವ ಕಸುಬು. ಒಬ್ಬರು ಗಲ್ಲಿಯ ಈ ತುದಿಯಲ್ಲಿ ಕೂತು ರಾಟೆ ತಿರುಗಿಸಬೇಕು. ಇನ್ನೊಬ್ಬರು ಸೊಂಟದ ಸುತ್ತ ನಾರು ಸುತ್ತಿಕೊಂಡು, ಅದರ ಒಂದು ಕುಚ್ಚನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿಯಿಂದ ನಾರು ಬಿಡುತ್ತ ಬಿಡುತ್ತ ಹಿಂದೆ ಹಿಂದೆ ಸರಿಯಬೇಕು. ರಾಟೆ ತಿರುಗಿದಷ್ಟೂ ಹುರಿ ಬಿಗಿಯುತ್ತದೆ, ನಡೆದಷ್ಟೂ ಹುರಿ ಉದ್ದವಾಗುತ್ತದೆ. ಈ ಗಲ್ಲಿ ಎಂಬತ್ತು ಹೆಜ್ಜೆ. ಅವರಪ್ಪನ ಕಾಲಕ್ಕೂ ಎಂಬತ್ತೇ. ಹಿಂದಕ್ಕೆ ನಡೆಯುವವನಿಗೆ ತಾನು ಹೋಗುವ ಜಾಗ ಕಾಣುವುದಿಲ್ಲ, ಬಿಟ್ಟು ಬಂದದ್ದು ಮಾತ್ರ ಕಾಣುತ್ತದೆ. ಮೂವತ್ತು ವರ್ಷ ಅವನಿಗೆ ಕಂಡದ್ದು ತಂಗಿಯ ಮುಖ. ಹೆಜ್ಜೆ ಹೆಜ್ಜೆಗೂ ಚಿಕ್ಕದಾಗುತ್ತ, ಕೊನೆಗೆ ಗೋಡೆಯ ನೆರಳಿನಲ್ಲಿ ಒಂದು ಬಿಳಿ ಚುಕ್ಕೆಯಾಗಿ ಉಳಿಯುತ್ತಿದ್ದ ಮುಖ.

ಊರವರು ಅವನಿಗೆ 'ಹಿನ್ನಡೆ' ಎಂದು ಹೆಸರಿಟ್ಟಿದ್ದರು. ಮೊದಮೊದಲು ಹುಡುಗರು ಕೂಗುತ್ತಿದ್ದರು. ಆ ಹುಡುಗರೇ ಗಡ್ಡ ನರೆತವರಾದ ಮೇಲೆ ಅದು ಬೈಗುಳವೂ ಆಗಿ ಉಳಿಯಲಿಲ್ಲ, ತಮಾಷೆಯಾಗಿಯೂ ಉಳಿಯಲಿಲ್ಲ, ಬರೀ ಹೆಸರಾಯಿತು.

"ಮುನ್ನಡೆಯವರು ಹಿನ್ನಡೆಯ ಮನೆಗೆ ಬಂದಿದ್ರಂತೆ," ಎಂದು ಕ್ಷೌರದಂಗಡಿಯವನು ಅವನ ಕೆನ್ನೆಗೆ ಸೋಪು ಹಚ್ಚುತ್ತ ಹೇಳಿದ. ಅವನ ಅಂಗಡಿ ಗಲ್ಲಿಯ ಬಾಯಲ್ಲೇ ಇತ್ತು. ಊರಿನ ಸುದ್ದಿಯೆಲ್ಲ ಅವನ ಕತ್ತರಿಯ ಕೆಳಗೇ ಹಾದು ಹೋಗಬೇಕು. "ಸರಿಯಾದ ಜೋಡಿ ಬಿಡು. ಏನು ಕೊಡ್ತಾರಂತೆ?"

ಹಗ್ಗದವನು ಹೇಳಿದ. ಕ್ಷೌರದವನ ಕತ್ತಿ ಗಾಳಿಯಲ್ಲೇ ನಿಂತಿತು.

"ನಿಲ್ಲು, ನನಗೆ ಅರ್ಥ ಆಗಲಿ. ಮೋಟಾರು ಬಂದ್ರೆ ರಾಟೆ ತಾನೇ ತಿರುಗುತ್ತೆ. ಒಬ್ಬನೇ ಸಾಕು."

"ಹೂಂ."

"ಒಬ್ಬನೇ ಸಾಕಾಗೋ ಯಂತ್ರ ಬೇಕಂದ್ರೆ ಇಬ್ಬರಿರಬೇಕು."

"ಹೂಂ."

"ಭಲೇ," ಎಂದ ಕ್ಷೌರದವನು. "ಬೋಳು ತಲೆಯವರಿಗೆ ಬಾಚಣಿಗೆ ಹಂಚೋ ಯೋಜನೆ ಯಾವಾಗ ಬರುತ್ತೋ, ನಾನೂ ಅರ್ಜಿ ಹಾಕ್ತೀನಿ." ಕತ್ತಿ ಮತ್ತೆ ಗಲ್ಲದ ಮೇಲೆ ಇಳಿಯಿತು. "ಎದುರಿಗೆ ನೋಡು, ಬೆಂಚು ಹಾಕಿದಾರೆ. ಕಬ್ಬಿಣದ್ದು, ಹೂವಿನ ಚಿತ್ರ ಬೇರೆ. ಕೂರೋ ಜನಾನ ಯಾವ ಯೋಜನೇಲಿ ಕಳಿಸ್ತಾರೋ ಕೇಳಬೇಕು."

ಬೆಂಚು ನಿಜಕ್ಕೂ ಚೆನ್ನಾಗಿತ್ತು. ಅಂಗಡಿಬೀದಿಯ ಉದ್ದಕ್ಕೂ ಅಂಥವು ಹನ್ನೆರಡು ಬಂದಿದ್ದವು. ಗಿರಣಿ ಮುಚ್ಚಿ, ರೈಲು ಇಲ್ಲಿ ನಿಲ್ಲುವುದನ್ನು ಬಿಟ್ಟು, ಅಂಗಡಿಗಳು ಒಂದು ಬಿಟ್ಟು ಒಂದು ಬಾಗಿಲು ಹಾಕಿದ ಮೇಲೆ ಮುನ್ನಡೆಯವರು ಬಂದು ಎಲ್ಲ ಬಾಗಿಲುಗಳಿಗೂ ಒಂದೇ ನೀಲಿ ಬಣ್ಣ ಬಳಿಸಿದ್ದರು, ಮುಚ್ಚಿದ್ದಕ್ಕೂ ತೆರೆದದ್ದಕ್ಕೂ. ಈಗ ದೂರದಿಂದ ನೋಡಿದರೆ ಯಾವುದು ಮುಚ್ಚಿದೆ, ಯಾವುದು ಮಧ್ಯಾಹ್ನದ ಊಟಕ್ಕೆ ಹೋಗಿದೆ ಎಂದು ತಿಳಿಯುತ್ತಿರಲಿಲ್ಲ. ಬೇಕರಿಯವಳಿಗೆ ಮಾತ್ರ ಹೊಸ ಒಲೆ ಬಂದು ನಿಜವಾಗಿ ಕೈ ಹತ್ತಿತ್ತು. ಈಗ ಮೂರು ಊರಿಗೆ ಬ್ರೆಡ್ಡು ಕಳಿಸುತ್ತಿದ್ದಳು. ಹಾಗಾಗಿ ಯೋಜನೆಯನ್ನು ಪೂರ್ತಿ ನಗೆಯಾಡುವಂತೆಯೂ ಇರಲಿಲ್ಲ.

"ತಂಗಿಗೆ ಫೋನು ಮಾಡು," ಎಂದ ಕ್ಷೌರದವನು ಈ ಸಲ ನಗದೆ. "ಮಾಡದೆ ಇದ್ರೆ ಏನು ಮಾಡ್ತೀಯ? ಅಂಗೈಲಿ ಉಜ್ಜಿ ಉಜ್ಜಿ ಮೊಳದುದ್ದ ದಾರ ಹೊಸೀತೀಯ. ಅದನ್ನ ಕೊಳ್ಳೋಕೆ ಯಾರು ಬರ್ತಾರೆ?"

ಹಗ್ಗದವನು ಕನ್ನಡಿಯಲ್ಲಿ ತನ್ನ ಅರ್ಧ ಬೋಳಿಸಿದ ಮುಖವನ್ನು ನೋಡಿಕೊಂಡ. ತಂಗಿಯ ಮದುವೆಯ ಸುದ್ದಿಯನ್ನು ಅವನು ಕೇಳಿದ್ದೂ ಇದೇ ಕುರ್ಚಿಯಲ್ಲಿ. 'ಅಂತೂ ತಂಗಿಗೆ ಗಂಡು ನೋಡಿದೆಯಲ್ಲ, ಕಂಡಕ್ಟರು ಒಳ್ಳೇ ಮನುಷ್ಯ, ಮೊದಲ ಹೆಂಡತೀನ ಕೊನೇವರೆಗೂ ನೋಡ್ಕೊಂಡ' ಎಂದು ಕ್ಷೌರದವನು ಅಂದಾಗ, ಆಗಲೂ ಕೆನ್ನೆಯ ಮೇಲೆ ಸೋಪಿತ್ತು, ಬಾಯಿ ತೆರೆಯುವಂತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಅವನಿಗೆ ಮಾತ್ರ ಗೊತ್ತಿರಲಿಲ್ಲ. ನಲವತ್ತಾರು ವರ್ಷದ ತಂಗಿ, ಒಂದೇ ಸೂರಿನ ಕೆಳಗೆ, ಒಂದೇ ಹುರಿಯ ಆ ತುದಿ ಈ ತುದಿ. ಒಂದು ಮಾತು ಕೇಳಲಿಲ್ಲ. ಅಣ್ಣನಿಗೆ ಮೊದಲಾಗಲಿ ಎಂದು ಅವಳು ಕಾದಿದ್ದಳು, ತಂಗಿಗೆ ಮೊದಲಾಗಲಿ ಎಂದು ಅವನು ಕಾದಿದ್ದ. ಹಾಗೆ ಕಾಯುತ್ತ ಕಾಯುತ್ತ ಇಬ್ಬರಿಗೂ ಕಾಯುತ್ತಿದ್ದೇವೆಂಬುದೇ ಮರೆತುಹೋಗಿತ್ತು. ಅವಳಿಗೆ ನೆನಪಾಯಿತು. ಅವನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ. ಹೊಸ ಅಂಗಿ ಹಾಕಿಕೊಂಡು ನೋಂದಣಿ ಕಚೇರಿಗೆ ಹೋಗಿ ಸಾಕ್ಷಿ ಎಂದು ಬರೆದಿದ್ದ ಕಡೆ ಸಹಿ ಹಾಕಿ, ಅವಳನ್ನು ಬಸ್ಸು ಹತ್ತಿಸಿ ಬಂದಿದ್ದ.

ಮೊದಲಿಂದಲೂ ಇಬ್ಬರೂ ಮಾತಿಗೆ ಬಡವರೇ. ಎಂಬತ್ತು ಹೆಜ್ಜೆ ಆಚೆಯವರ ಹತ್ತಿರ ಕೂಗಿ ಮಾತಾಡಿದರೆ ನಾರಿನ ಧೂಳು ಬಾಯಿಗೆ ಹೋಗುತ್ತದೆ. ರಾಟೆಯ ಕಿರ್ರೋ ಎನ್ನುವ ಸದ್ದು ಬೇರೆ. ಹುರಿಯೇ ಅವರ ಮಾತು. ಒಂದು ಸಲ ಎಳೆದರೆ 'ನಿಧಾನ.' ಎರಡು ಸಲ ಎಳೆದರೆ 'ಜೋರು.' ಮೂರು ಸಲ ಎಳೆದರೆ 'ಸಾಕು, ಬಿಡು'. ಆಗ ರಾಟೆಯವರು ಹಿಡಿ ಬಿಟ್ಟು, ಕೊಕ್ಕೆಯಿಂದ ಹುರಿ ಬಿಡಿಸಿ ಗೂಟಕ್ಕೆ ತಗಲಿಹಾಕಬೇಕು. ಅತ್ತಲಿಂದ ಇತ್ತಲೂ ಅದೇ, ಇತ್ತಲಿಂದ ಅತ್ತಲೂ ಅದೇ. ಅಪ್ಪ ಕಲಿಸಿದ ಮೂರೇ ಮಾತು. ಮೂವತ್ತು ವರ್ಷಕ್ಕೆ ಮೂರು ಮಾತು ಸಾಕಾಗಿತ್ತು, ಅಥವಾ ಸಾಕಾಗಿತ್ತು ಎಂದು ಅವನು ತಿಳಿದಿದ್ದ.

ಮೂರು ದಿನ ಫೋನು ಕೈಯಲ್ಲಿ ಹಿಡಿದು, ಕೆಳಗಿಟ್ಟು, ನಾಲ್ಕನೆಯ ದಿನ ಬೆಳಗ್ಗೆ ಹಚ್ಚಿದ.

"ಅಣ್ಣ?" ಎಂದಳು ತಂಗಿ. ದನಿಯಲ್ಲಿ ಗಾಬರಿಯಿತ್ತು. ಸುಮ್ಮಸುಮ್ಮನೆ ಫೋನು ಮಾಡುವವನಲ್ಲ ಅವನು.

"ಏನಿಲ್ಲ ಪುಟ್ಟಿ. ಒಂದು ಸಹಿ ಬೇಕಿತ್ತು."

ಅವಳ ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದರು, ಯಾವುದೋ ಬಸ್ಸು, ಯಾವುದೋ ಮುದುಕಿ, ಮುದುಕಿಯ ಕೋಳಿಗೆ ಟಿಕೇಟು ಕೊಡಬೇಕೋ ಬೇಡವೋ ಎಂಬ ಜಗಳದ ಕಥೆ. "ಒಂದು ನಿಮಿಷ ಸುಮ್ಮನಿರಿ, ಅಣ್ಣ ಫೋನು ಮಾಡಿದಾನೆ," ಎಂದು ಅವಳು ಅತ್ತ ತಿರುಗಿ ಹೇಳಿದಳು. ಹೇಳುತ್ತಲೇ ನಕ್ಕಳು. ಅರ್ಧ ಕಥೆಯಲ್ಲಿ ಎದ್ದು ಬಂದವಳ ನಗು. ಹಗ್ಗದವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

ಅವನು ವಿಷಯ ಹೇಳಿದ. ಯೋಜನೆ, ಮೋಟಾರು, ತಗಡಿನ ಮಾಡು, ಗುರುವಾರ. ಮೂರು ವರ್ಷ, ವಾರಕ್ಕೆ ನಾಲ್ಕು ದಿನದ ಮಾತನ್ನು ಹೇಗೆ ಹೇಳುವುದೆಂದು ತಡವರಿಸಿ, ಕೊನೆಗೆ ಅದನ್ನೂ ಹೇಳಿಬಿಟ್ಟ. ಅತ್ತ ಕೋಳಿಯ ಕಥೆ ನಿಂತಿತು.

"ಇಬ್ಬರಿಲ್ಲ ಅಂದ್ರೆ ಕಸುಬು ಮುಚ್ಚಿಹೋಗುತ್ತೆ. ಹೇಳಿದೆ ಅಷ್ಟೆ. ನಿನಗೆ ಆಗಲ್ಲ ಅಂದ್ರೆ..." ಎಂದ ಅವನು.

"ಗುರುವಾರ ತಾನೇ," ಎಂದಳು. "ಹತ್ತು ಗಂಟೆ ಬಸ್ಸಿಗೆ ಬರ್ತೀನಿ."

ಅಂದಿನಿಂದ ಗುರುವಾರದವರೆಗೆ ಅವನು ಎಂಟು ತಿಂಗಳ ಕಸವನ್ನೆಲ್ಲ ತೆಗೆದ. ಗಲ್ಲಿಯಲ್ಲಿ ಬೆಳೆದ ಹುಲ್ಲು ಕಿತ್ತ, ಹುರಿ ನೆಲಕ್ಕೆ ತಾಗದಂತೆ ಆತುಕೊಡುವ ಕವೆಗೂಟಗಳನ್ನು ನೆಟ್ಟಗೆ ಮಾಡಿದ, ರಾಟೆಯ ಅಚ್ಚಿಗೆ ಎಣ್ಣೆ ಬಿಟ್ಟ. ಎಣ್ಣೆ ಹೆಚ್ಚಾಗಿ ರಾಟೆಯ ಸದ್ದೇ ನಿಂತುಹೋದಾಗ ಅದು ಸರಿಯಿಲ್ಲವೆನಿಸಿ ಬಟ್ಟೆಯಿಂದ ಒರೆಸಿದ. ಅವಳ ಅಂಗಿಯನ್ನು ಮೊಳೆಯಿಂದ ತೆಗೆದು ಒಗೆದು ಒಣಹಾಕಿ, ಮತ್ತೆ ಅದೇ ಮೊಳೆಗೆ ಹಾಕಿದ. ಇಬ್ಬರೂ ಸೇರಿದರೆ ಆಗುವ ಹಗ್ಗಗಳನ್ನು ಮನಸ್ಸಿನಲ್ಲೇ ಹೊಸೆಯುತ್ತ ಕೂತ. ವಾರಕ್ಕೆ ನಾಲ್ಕು ದಿನ ಎಂದರೆ ಏನು ಕಡಿಮೆಯೇ? ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ದಿನಾ ಓಡಾಡಲಾಗದು, ಇಲ್ಲೇ ಇರಬೇಕಾಗುತ್ತದೆ. ನಾಲ್ಕು ಸಂಜೆ ಮನೆಯಲ್ಲಿ ಎರಡು ಜೊತೆ ಚಪ್ಪಲಿ ಇರುತ್ತವೆ. ಅವಳು ಮಾತಾಡುವುದಿಲ್ಲ, ಸರಿ. ಆದರೆ ಮಾತಾಡದೆ ಇರುವವರೊಬ್ಬರು ಮನೆಯಲ್ಲಿರುವುದಕ್ಕೂ, ಮಾತಾಡದೆ ಇರಲು ಯಾರೂ ಇಲ್ಲದಿರುವುದಕ್ಕೂ ಎಷ್ಟು ದೂರವೆಂದು ಈ ಎಂಟು ತಿಂಗಳು ಅವನಿಗೆ ಕಲಿಸಿತ್ತು.

ಗುರುವಾರ ಹತ್ತರ ಬಸ್ಸಿಗೆ ತಂಗಿ ಬಂದಳು. ಬಸ್ ನಿಲ್ದಾಣ ಗಲ್ಲಿಯ ಆ ಕೊನೆಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ. ಅವನು ಒಂಬತ್ತೂವರೆಗೇ ಹೋಗಿ ನಿಂತಿದ್ದ. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಕೈಗೆ ವಾಚು ಬಂದಿತ್ತು. ಇನ್ನೊಂದು ಕೈಯಲ್ಲಿ ದೊಡ್ಡ ಚೀಲ, ಒಂದು ಸಹಿಗೆ ಬೇಕಾಗುವಂಥದ್ದಲ್ಲ.

"ಬಟ್ಟೆ ತಂದಿದ್ದೀನಿ," ಎಂದಳು ಅವನು ನೋಡಿದ್ದನ್ನು ನೋಡಿ. "ಸಹಿ ಹಾಕಿದ ಮೇಲೆ ಇವತ್ತಿಂದಲೇ ಇರಬೇಕಲ್ವಾ. ಮನೇಲಿ ಅವರಿಗೆ ಹೇಳಿ ಬಂದಿದ್ದೀನಿ."

"ಏನಂದ್ರು?"

"ಏನಂತಾರೆ. ಹೋಗು ಅಂದ್ರು." ಎರಡು ಹೆಜ್ಜೆ ನಡೆದು ಹೇಳಿದಳು, "ಬೆಳಗ್ಗೆಯಿಂದ ಮಾತೇ ಆಡಲಿಲ್ಲ. ಅವರು ಮಾತಾಡದೆ ಇದ್ದದ್ದನ್ನ ನಾನು ಇವತ್ತೇ ನೋಡಿದ್ದು."

ಎಂಬತ್ತು ಹೆಜ್ಜೆ ಇಬ್ಬರೂ ಜೊತೆಗೆ ನಡೆದರು. ಕೊಟ್ಟಿಗೆಗೆ ಬಂದು ಅವಳು ಮೊಳೆಯಿಂದ ಅಂಗಿ ತೆಗೆದುಕೊಂಡಳು, ಒಗೆದದ್ದು ಗೊತ್ತಾಗಿ ಒಮ್ಮೆ ಮೂಗಿಗೆ ಹಿಡಿದಳು, ಹಾಕಿಕೊಂಡಳು. ತೋಳು ಬಿಗಿಯಾಗಿತ್ತು. ಸ್ಟೂಲಿನ ಮೇಲೆ ಕೂತು ರಾಟೆಯ ಹಿಡಿಯನ್ನು ಎರಡು ಸುತ್ತು ತಿರುಗಿಸಿದವಳು ಕೈ ತೆಗೆದು ಅಂಗೈ ನೋಡಿಕೊಂಡಳು. ಆಮೇಲೆ ಚೀಲದಿಂದ ಕರವಸ್ತ್ರ ತೆಗೆದು ಅಂಗೈಗೆ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದಳು.

ಮೂವತ್ತು ವರ್ಷ ಆ ಅಂಗೈಯಲ್ಲಿ ಹುಣಸೆ ಬೀಜದಂಥ ನಾಲ್ಕು ಗಟ್ಟಿ ಗಂಟುಗಳಿದ್ದವು. ಹಗ್ಗದವನು ಬೇರೆ ಕಡೆ ನೋಡಿದ.

"ಪುಟ್ಟಿ," ಎಂದ, ನಾರನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತ. ಮುಖ ನೋಡದೆ ಇದ್ದರೆ ಕೇಳಿಬಿಡಬಹುದು ಎನಿಸಿತು. "ಆವತ್ತು ನನಗೆ ಒಂದು ಮಾತು ಹೇಳಬಹುದಿತ್ತು ನೀನು. ಕ್ಷೌರದಂಗಡೀಲಿ ಗೊತ್ತಾಯ್ತು ನನಗೆ."

ತಂಗಿ ರಾಟೆಯಿಂದ ತಲೆ ಎತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ನಿನಗೇ ಅಲ್ವಾ ಮೊದಲು ಹೇಳಿದ್ದು."

"ಯಾವಾಗ?"

"ದೋಣಿಯವರ ಹಗ್ಗಕ್ಕೆ ಹುರಿ ಹಾಕ್ತಿದ್ದ ದಿನ. ಹತ್ತಿರ ಇದ್ದಾಗ ಬಾಯಿ ಬರಲಿಲ್ಲ. ನೀನು ದೂರ ಹೋಗ್ಲಿ ಅಂತ ಕಾದೆ. ಆ ತುದೀಲಿ ನಿಂತಿದ್ದಾಗ ಕೂಗಿ ಹೇಳಿದೆ, ಅಣ್ಣ, ನಾನು ಮದುವೆ ಆಗ್ತೀನಿ, ಏನಂತೀಯ ಅಂತ." ಕರವಸ್ತ್ರದ ಗಂಟನ್ನು ಬೆರಳಿನಿಂದ ಒತ್ತಿಕೊಂಡಳು. "ನೀನು ಮೂರು ಸಲ ಎಳೆದೆ."

ರಾಟೆಯ ಮೇಲೆ ಒಂದು ನೊಣ ಕೂತು ಎದ್ದಿತು.

"ನಿನ್ನಿಂದ ಇನ್ನೇನು ಮಾತು ಬರುತ್ತೆ ಅಂದ್ಕೊಂಡೆ. ಬಿಡು ಅಂದ, ಇಲ್ಲಿದು ಬಿಟ್ಟು ಹೋಗು ಅಂದ, ಅಷ್ಟಾದ್ರೂ ಅಂದನಲ್ಲ ಅಂದ್ಕೊಂಡೆ. ಒಂದು ವಾರ ಕಾದೆ, ಬಾಯಲ್ಲೂ ಏನಾದ್ರೂ ಹೇಳ್ತೀಯೇನೋ ಅಂತ. ಆಮೇಲೆ ಬಿಟ್ಟೆ."

ಹಗ್ಗದವನಿಗೆ ಆ ದಿನ ನೆನಪಿತ್ತು. ದಪ್ಪ ಹಗ್ಗ, ಹದಿನೆಂಟು ಹುರಿ. ಹನ್ನೊಂದನೆಯದೋ ಹನ್ನೆರಡನೆಯದೋ ಮುಗಿದಾಗ ಸೊಂಟದ ನಾರು ಖಾಲಿಯಾಗಿತ್ತು. ನಾರು ಮುಗಿಯಿತು, ಎಳೆದ. ರಾಟೆಯ ಸದ್ದಿಗೆ, ಎಂಬತ್ತು ಹೆಜ್ಜೆಯ ಆಚೆ, ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಅವಳ ಬಾಯಿ ಅಲುಗಿದ್ದು ಸಹ ಕಂಡಿರಲಿಲ್ಲ. ಅಷ್ಟು ದೂರದಿಂದ ಅವಳ ಮುಖ ಬರೀ ಬಿಳಿ ಚುಕ್ಕೆ.

ನನಗೆ ಕೇಳಿಸಲೇ ಇಲ್ಲ ಪುಟ್ಟಿ ಎಂಬ ಮಾತು ಬಾಯಿಗೆ ಬಂದಿತು. ಅದನ್ನು ಹೇಳಿದರೆ ಏನಾಗುತ್ತದೆಂದು ಅವನು ಯೋಚಿಸುತ್ತಿರುವಾಗಲೇ ಗಲ್ಲಿಯ ಬಾಯಲ್ಲಿ "ನಮಸ್ಕಾರ, ತಡ ಆಯ್ತಾ?" ಎಂದು ಯೋಜನೆಯ ಹುಡುಗಿಯ ದನಿ ಕೇಳಿಸಿತು.

ಹುಡುಗಿಗೆ ಅವರ ಕೆಲಸ ನೋಡುವ ಉತ್ಸಾಹವಿತ್ತು. ರಾಟೆಯನ್ನು ಮುಟ್ಟಿ ನೋಡಿದಳು, ನಾರನ್ನು ಮೂಸಿದಳು, ಫೋಟೋ ತೆಗೆದಳು. "ಅಕ್ಕ, ನೀವು ಹಾಗೇ ತಿರುಗಿಸ್ತಿರಿ, ನಾನು ಪಕ್ಕದಲ್ಲೇ ಕೂತ್ಕೊಂಡು ವಿವರ ತುಂಬ್ಕೊಳ್ತೀನಿ," ಎಂದು ಅವನ ಸ್ಟೂಲನ್ನು ಎಳೆದುಕೊಂಡಳು. ತಂಗಿ ಅಣ್ಣನ ಕಡೆ ನೋಡಿದಳು. ಅವನು ನಾರಿನ ಕುಚ್ಚನ್ನು ಕೊಕ್ಕೆಗೆ ಸಿಕ್ಕಿಸಿದ. ರಾಟೆ ಕಿರ್ರೆಂದಿತು.

ಅವನು ಹಿಂದಕ್ಕೆ ನಡೆಯತೊಡಗಿದ. ಹತ್ತು ಹೆಜ್ಜೆಗೆ ಕಾಲಿಗೆ ಹಳೆಯ ಲಯ ಬಂದಿತು. ಹುರಿ ಬೆರಳುಗಳ ನಡುವೆ ಬಿಸಿಯಾಗಿ, ಜೀವ ಬಂದಂತೆ ಓಡುತ್ತಿತ್ತು. ಎಂಟು ತಿಂಗಳಿಂದ ಈ ಬಿಸಿ ಇರಲಿಲ್ಲ. ಇಪ್ಪತ್ತು ಹೆಜ್ಜೆ. ತಂಗಿ ತಿರುಗಿಸುವುದರಲ್ಲಿ ಒಂದು ಸಣ್ಣ ತಡೆಯಿತ್ತು, ಪ್ರತಿ ಸುತ್ತಿಗೂ ಕೈ ನೋಯುವಲ್ಲಿ ಒಂದು ತಡೆ. ಅದು ಹುರಿಯೊಳಗಿಂದ ಅವನ ಬೆರಳಿಗೆ ಬರುತ್ತಿತ್ತು. ಅವನು ಒಂದು ಸಲ ಎಳೆದ. ನಿಧಾನ. ಅವಳು ನಿಧಾನಿಸಿದಳು. ನಲವತ್ತು ಹೆಜ್ಜೆ. ಹುಡುಗಿ ಏನೋ ಕೇಳುತ್ತಿದ್ದಳು, ತಂಗಿ ತಲೆಯಾಡಿಸುತ್ತಿದ್ದಳು. ಅರುವತ್ತು. ಮುಖಗಳು ಅಳಿಸಿಹೋದವು. ಎಪ್ಪತ್ತೈದು. ಎಂಬತ್ತು. ಬೆನ್ನಿಗೆ ಕೊನೆಯ ಗೂಟ ತಗಲಿತು.

ಅವನು ನಿಂತ. ಸೊಂಟದಲ್ಲಿ ಇನ್ನೂ ಅರ್ಧ ಕಟ್ಟು ನಾರಿತ್ತು. ಹುರಿಗೆ ಇನ್ನೂ ನೂರು ಸುತ್ತಾದರೂ ಬೇಕಿತ್ತು. ದೂರದಲ್ಲಿ, ಗೋಡೆಯ ನೆರಳಿನಲ್ಲಿ, ಹುಡುಗಿ ಟ್ಯಾಬನ್ನು ತಂಗಿಯ ಮುಂದೆ ಹಿಡಿದದ್ದು ಕಂಡಿತು. ಬಿಸಿಲು ಗಾಜಿನ ಮೇಲೆ ಮಿಂಚಿತು. ತಂಗಿ ಬಲಗೈಯಲ್ಲಿ ತಿರುಗಿಸುತ್ತಲೇ ಎಡಗೈಯನ್ನು ಅಂಗಿಗೆ ಒರೆಸಿಕೊಂಡಳು. ಇವಳು ಎಡಗೈಯಲ್ಲಿ ಸಹಿ ಹಾಕುವವಳೆಂಬುದು ಅವನಿಗೆ ಮರೆತೇ ಹೋಗಿತ್ತು.

ಅವಳು ಸಹಿ ಹಾಕುತ್ತಾಳೆ. ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತಾಳೆ, ಇಲ್ಲೇ ಇರ್ತೀನಿ ಎನ್ನುತ್ತಾಳೆ, ಮೂರು ವರ್ಷ ಎನ್ನುತ್ತಾಳೆ. ಅಂಗೈಯಲ್ಲಿ ಮತ್ತೆ ನಾಲ್ಕು ಗಂಟು ಬರುವವರೆಗೆ ತಿರುಗಿಸುತ್ತಾಳೆ. ಎರಡು ಗಂಟೆ ದೂರದಲ್ಲಿ ಒಬ್ಬ ಮನುಷ್ಯ ಬೆಳಗ್ಗೆಯಿಂದ ಮಾತಾಡದೆ ಕೂತಿದ್ದಾನೆ.

ಅವಳ ಎಡಗೈ ಟ್ಯಾಬಿನ ಕಡೆ ಎದ್ದಿತು.

ಹಗ್ಗದವನು ಹುರಿಯನ್ನು ಎಳೆದ. ಒಂದು. ಎರಡು. ಸ್ವಲ್ಪ ತಡೆದ, ಉಸಿರೆಳೆದುಕೊಳ್ಳುವಷ್ಟು. ಮೂರು.

ರಾಟೆ ನಿಂತಿತು. ಬಿಳಿ ಚುಕ್ಕೆ ಅವನ ಕಡೆ ತಿರುಗಿ, ತುಂಬ ಹೊತ್ತು ಹಾಗೇ ಇತ್ತು. ಆಮೇಲೆ ಕೈಗೆ ಅಭ್ಯಾಸವಾದ ಹಾಗೆ ಅವಳು ಕೊಕ್ಕೆಯಿಂದ ಹುರಿ ಬಿಡಿಸಿ ಗೂಟಕ್ಕೆ ತಗಲಿಹಾಕಿದಳು. ಅವನು ತನ್ನ ತುದಿಯನ್ನು ಕೊನೆಯ ಗೂಟಕ್ಕೆ ಕಟ್ಟಿದ.

ಹುಡುಗಿಯೇ ಎದ್ದು ಅಷ್ಟುದ್ದ ನಡೆದು ಬಂದಳು. "ಏನಾಯ್ತು ಯಜಮಾನ್ರೆ? ಅಕ್ಕ ಸಹಿ ಹಾಕಲ್ಲ ಅಂತಿದ್ದಾರೆ. ಕೇಳಿದ್ರೆ ಅಣ್ಣ ಬಿಡು ಅಂದ ಅಂತಾರೆ. ನೀವೆಲ್ಲಿ ಮಾತಾಡಿದ್ರಿ?"

"ಆವತ್ತು ತಪ್ಪು ಹೇಳಿದ್ದೆ ಮೇಡಂ," ಎಂದ ಅವನು. "ಇಬ್ಬರಲ್ಲ. ನಾನು ಒಬ್ಬನೇ."

'ನಾನು' ಎಂಬುದು ಬಾಯಲ್ಲಿ ಹೊಸ ಹಲ್ಲಿನ ಹಾಗೆ ಅಡ್ಡ ಬಂದಿತು. ಹುಡುಗಿ ಅವನ ಮುಖ ನೋಡಿದಳು, ಹಿಂದಿರುಗಿ ರಾಟೆಯ ಕಡೆ ನೋಡಿದಳು. ಏನೋ ಅರ್ಥವಾದಂತೆ, ಏನೋ ಆಗದಂತೆ.

"ಒಂದು ಅಂತ ಹಾಕಿದ್ರೆ ಇದು ಇಲ್ಲಿಂದ ಮುಂದಕ್ಕೆ ಹೋಗಲ್ಲ," ಎಂದಳು ಮೆಲ್ಲಗೆ. "ಬೇಕಂದ್ರೆ ಒಂದು ವಾರ ನಾನು ಹಾಗೇ ಇಟ್ಕೊಂಡಿರ್ತೀನಿ. ಯಾರಾದ್ರೂ ಸಿಗಬಹುದು."

"ಬೇಡ ಮೇಡಂ. ನೀವು ದೂರದಿಂದ ಬರ್ತೀರಿ. ನಮ್ಮ... ನನ್ನ ಕಸುಬು ಹೇಗೂ ಹಿಂದಕ್ಕೆ ಹೋಗೋದೇ."

ಅವಳು ನಗಲಿಲ್ಲ. ಟ್ಯಾಬಿನ ಮೇಲೆ ಬೆರಳಿಟ್ಟು ನಿಂತಳು. ಒತ್ತಿದಳೋ ಇಲ್ಲವೋ ಅವನು ನೋಡಲಿಲ್ಲ. ಹೋಗುವಾಗ ಹುರಿಯನ್ನು ದಾಟಲು ಕೆಳಗೆ ಬಗ್ಗಿದವಳು, ಅದನ್ನು ಎರಡು ಬೆರಳಿನಿಂದ ಒಮ್ಮೆ ಮುಟ್ಟಿ, "ಎಷ್ಟು ಬಿಗಿಯಾಗಿದೆ," ಎಂದಳು.

ಮಧ್ಯಾಹ್ನ ಒಂದರ ಬಸ್ಸಿಗೆ ತಂಗಿ ಹೊರಟಳು. ಅಂಗಿಯನ್ನು ಮಡಿಸಿ ಎಲ್ಲಿಡುವುದೆಂದು ತಿಳಿಯದೆ ಒಂದು ಕ್ಷಣ ನಿಂತು, ತನ್ನ ಚೀಲಕ್ಕೆ ಹಾಕಿಕೊಂಡಳು. ಅವನು ಚೀಲವನ್ನು ತಾನೇ ಹೊತ್ತ. ಬಸ್ಸು ಬರುವವರೆಗೆ ಇಬ್ಬರೂ ನಿಲ್ದಾಣದಲ್ಲಿ ಹಾಕಿದ್ದ ಹೊಸ ಬೆಂಚಿನ ಮೇಲೆ ಕೂತರು. ಅದರ ಮೇಲೆ ಅವನು ಕೂತದ್ದು ಅದೇ ಮೊದಲು. ಕಬ್ಬಿಣ ಬಿಸಿಲಿಗೆ ಕಾದಿತ್ತು.

"ಇನ್ನು ಏನು ಮಾಡ್ತೀಯ?" ಎಂದಳು.

"ಬೇಕರಿಯವಳಿಗೆ ಬ್ರೆಡ್ಡಿನ ಪೊಟ್ಟಣ ಕಟ್ಟೋಕೆ ಸಣ್ಣ ಹುರಿ ಬೇಕಂತೆ. ಅದು ಅಂಗೈಲೇ ಆಗುತ್ತೆ."

ಅವಳು ಅಂಗೈಯ ಕರವಸ್ತ್ರ ಬಿಚ್ಚಿದಳು. ಮಧ್ಯದಲ್ಲಿ ಒಂದು ಬೊಬ್ಬೆ ಎದ್ದಿತ್ತು. ಅದನ್ನೇ ನೋಡುತ್ತ ಹೇಳಿದಳು, "ಆವತ್ತೂ ಹೀಗೇ ಎಳೆದೆ ನೀನು."

ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತ್ತು. ಹಗ್ಗದವನು ಎದ್ದು ಚೀಲ ಎತ್ತಿಕೊಂಡ.

"ಹೂಂ," ಎಂದ.

ಬಸ್ಸು ಹೋದ ಮೇಲೆ ಧೂಳು ಇಳಿಯುವವರೆಗೆ ಅವನು ಅಲ್ಲೇ ನಿಂತಿದ್ದ. ಆಮೇಲೆ ಗಲ್ಲಿಯ ಟ್ಯಾಂಕಿನ ಕಡೆಯ ತುದಿಗೆ ಬಂದು, ಕೊನೆಯ ಗೂಟದಿಂದ ತನ್ನ ಕಡೆಯ ಕೊನೆಯನ್ನು ಬಿಚ್ಚಿ ಕೈಗೆ ಒಂದು ಸುತ್ತು ಹಾಕಿಕೊಂಡ. ಅರ್ಧಕ್ಕೆ ನಿಂತ ಹುರಿ, ಇಟ್ಟುಕೊಂಡು ಏನೂ ಆಗಬೇಕಾದ್ದಿಲ್ಲ, ಸುತ್ತಿ ಒಳಗಿಡಬೇಕು. ಮಧ್ಯಾಹ್ನದ ಗಾಳಿ ಗಲ್ಲಿಯೊಳಗೆ ನುಗ್ಗಿ ಹೋಯಿತು. ಎಂಬತ್ತು ಹೆಜ್ಜೆಯ ಹುರಿ ಕವೆಗೂಟಗಳ ಮೇಲೆ ಸಣ್ಣಗೆ ನಡುಗಿ, ಅವನ ಅಂಗೈಯನ್ನು ಒಂದು ಸಲ ಎಳೆಯಿತು.

ಅವನು ರಾಟೆಯ ಕಡೆ ನೋಡಿದ. ಹುರಿ ಬಿಗಿಯಾಗುವಷ್ಟು ಕೈ ಹಿಂದಕ್ಕೆಳೆದು, ಇನ್ನೊಂದು ಎಳೆತ ಬರುತ್ತದೇನೋ ಎಂದು ನಿಂತೇ ಇದ್ದ.